ಹಿತ್ತಲ ಬಾಗಿಲಿನ ಉಸಿರು

ಅವರ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಸಿಕ್ಕಿಕೊಳ್ಳುವಷ್ಟು ಸಂದು ಇತ್ತು. ತುಟಿ ಅರ್ಧ ತೆರೆದು ಉಸಿರು ಬಿಟ್ಟರೆ ಆ ಸಂದಿನಿಂದ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತಿತ್ತು. ವರ್ಷಗಟ್ಟಲೆ ಸಂಜೆಯಾದರೆ ಸಾಕು, ಆ ಸಿಳ್ಳೆ ನನ್ನ ಮೂಗಿನ ತುದಿಗೆ ಬಂದು ಬಡಿಯುತ್ತಿತ್ತು. ಮೀಸೆಯ ಕೂದಲು ನನ್ನ ಮೇಲ್ದುಟಿಗೆ ತಾಗುತ್ತಿತ್ತು. ಅಷ್ಟು ಹತ್ತಿರ ಬಂದು ಅವರು ಕೇಳುತ್ತಿದ್ದುದು ಒಂದೇ ಮಾತು: "ನೋಡು, ವಾಸನಿ ಬರ್ತದೇನು?"

ಅವರೆಂದರೆ ನನ್ನ ಗಂಡ. ಹೆಸರನ್ನು ಮದುವೆಯ ದಿನ ಒಡಪಿನಲ್ಲಿ ಒಂದು ಸಲ ಹೇಳಿದ್ದೆ. ಇಲ್ಲಿ ಹೇಳುವ ಮನಸ್ಸಿಲ್ಲ. ಅದು ಗೌರವಕ್ಕೆಂದು ಯಾರೂ ತಿಳಿಯಬೇಡಿ.

ನಮ್ಮದು ಬಸವಕಲ್ಯಾಣದಲ್ಲಿ ನಾಲ್ಕು ಮಂದಿ ಎದ್ದು ನಿಂತು ಶರಣು ಹೇಳುವ ಮನೆ. ಮಾವ ಮಾತ್ರ ಶೇಂದಿ ಕುಡಿದು ಕುಡಿದು ನಡುವಯಸ್ಸಿಗೇ ಹೋಗಿದ್ದರು. ಅವರನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಅತ್ತೆ ಇಷ್ಟಲಿಂಗ ಕೈಯಲ್ಲಿ ಹಿಡಿದು ಆಡಿದ ಮಾತು ಓಣಿಗೆಲ್ಲ ಗೊತ್ತಿತ್ತು: "ಈ ಮನ್ಯಾಗ ಇನ್ನೊಬ್ಬರ ಬಾಯಾಗ ಆ ವಾಸನಿ ಬಂತಂದ್ರ, ಆವತ್ತಿನಿಂದ ನಾ ಅನ್ನ ಬಿಡ್ತೀನಿ." ಅವರು ಹೇಳಿದರೆ ಮಾಡುವ ಹೆಂಗಸು. ಸಂಜೆ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತರೆ ಮನೆಯ ಎಲ್ಲರೂ ಒಬ್ಬೊಬ್ಬರಾಗಿ ಹೋಗಿ ಎದುರಿಗೆ ಬಾಗಬೇಕು. ಅತ್ತೆ ತಮ್ಮ ಕೈಯಾರೆ ಹಣೆಗೆ ವಿಭೂತಿ ಎಳೆಯುತ್ತಿದ್ದರು. ಅದಾದ ಮೇಲೆಯೇ ಊಟ. ವಿಭೂತಿ ಹಚ್ಚುವುದೂ ಖರೆ, ಬಾಯಿ ಮೂಸುವುದೂ ಖರೆ ಎಂದು ನನಗೆ ಬೇಗನೆ ತಿಳಿಯಿತು.

ನಮ್ಮ ಮನೆಯವರಿಗೆ ಹುಮನಾಬಾದಿನಲ್ಲಿ ಅಡತಿ ಅಂಗಡಿ. ರೈತರ ತೊಗರಿ, ಕಡಲೆ ತೂಗಿಸಿ ಲಾರಿ ತುಂಬಿಸಿ ಕಳಿಸುವ ವ್ಯಾಪಾರ. ಮುಂಜಾನೆ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ವಾಪಸು. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಲಾರಿಗಳೆಲ್ಲ ಹುಮನಾಬಾದಿನಲ್ಲಿ ನಿಂತೇ ಹೋಗಬೇಕು. ಅಂಥ ಒಬ್ಬ ಡ್ರೈವರನಿಂದಲೇ ಅವರಿಗೆ ವೋಡ್ಕಾ ಎಂಬುದು ಪರಿಚಯವಾಯಿತಂತೆ. ನೀರಿನಂತೆ ಕಾಣುತ್ತದೆ, ನೀರಿನಂತೆಯೇ ವಾಸನೆಯಿಲ್ಲ ಎಂದು ಅವನು ಹೇಳಿದ್ದೇ ತಡ, ಇವರಿಗೆ ಹಾದಿ ಸಿಕ್ಕಿತು. "ಕುಡಿಯೂದು ತಪ್ಪಲ್ಲ, ನಾರೂದು ತಪ್ಪು" ಎಂಬುದು ಅವರ ವಚನ. ಬಸವಣ್ಣನ ಊರಿನಲ್ಲಿ ಹುಟ್ಟಿದ್ದಕ್ಕೆ ಇದೊಂದನ್ನಾದರೂ ರಚಿಸಿದರು.

ಮೊದಲ ಸಲದ್ದು ಹೇಳಿಬಿಡುತ್ತೇನೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಎದುರುಬದುರು ನಿಂತು ಮಾತಾಡುವ ಮನೆಯಲ್ಲ ಅದು. ಒಂದು ಸಂಜೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅವರು ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲಿಗೆ ಬಂದರು. ಬಾ ಎಂದು ಕಣ್ಣಲ್ಲೇ ಕರೆದರು. ಬೂದಿಗೈಯಲ್ಲೇ ಎದ್ದು ಹೋದೆ. ಮುಖದ ಹತ್ತಿರ ಮುಖ ತಂದರು. ನಾಚಿಕೆಯಿಂದ ಕಣ್ಣು ಮುಚ್ಚಿದೆ. ಸಿಳ್ಳೆ ಕೇಳಿಸಿತು. "ನೋಡು, ವಾಸನಿ ಬರ್ತದೇನು?"

ಕಣ್ಣು ಬಿಟ್ಟೆ. ಏನೂ ತಿಳಿಯದೆ "ಎಂಥಾ ವಾಸನಿರಿ?" ಎಂದೆ.

"ಬರಲಿಲ್ಲಲ್ಲ? ಮುಗೀತು ಬಿಡು," ಎಂದು ನಕ್ಕು ಒಳಗೆ ಹೋಗಿ ತಾಯಿಯ ಎದುರಿಗೆ ಹಣೆ ಒಡ್ಡಿದರು. ನಾನು ಮತ್ತೆ ಪಾತ್ರೆಗಳ ಮುಂದೆ ಕುಳಿತೆ. ಆ ಹುಡುಗಿಯ ಮುಚ್ಚಿದ ಕಣ್ಣು ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಲ್ಲಿಂದ ಅದು ನನ್ನ ದಿನದ ಕೆಲಸಗಳಲ್ಲಿ ಒಂದಾಯಿತು. ಒಲ್ಲೆ ಎಂದರೆ ಅತ್ತೆ ಅನ್ನ ಬಿಡುತ್ತಾರೆ, ಮನೆ ಮುರಿಯುತ್ತದೆ. ಹೂಂ ಎಂದರೆ ಇವರು ಇನ್ನಷ್ಟು ಕುಡಿಯುತ್ತಾರೆ. ಅತ್ತ ದರಿ, ಇತ್ತ ಪುಲಿ ಅನ್ನುವುದು ಇದಕ್ಕೇ. ಒಂದು ಹನಿ ನಾಲಿಗೆಗೆ ಸೋಕಿಸದ ನಾನು ಯಾವ ವೋಡ್ಕಾ ಹೇಗೆ ಎಂದು ಉಸಿರಿನಿಂದಲೇ ಕಲಿತೆ. ಅಗ್ಗದ್ದೊಂದು ಬರುತ್ತಿತ್ತು, ಸೂಜಿ ಚುಚ್ಚುವ ಮುಂಚೆ ಡಾಕ್ಟರು ತೋಳಿಗೆ ಒರೆಸುವ ಸ್ಪಿರಿಟ್ಟಿನ ವಾಸನೆ ಅದಕ್ಕೆ. ಇನ್ನೊಂದು ಮೊದಲಿಗೆ ಏನೂ ಅನ್ನಿಸುವುದಿಲ್ಲ, ಆಮೇಲೆ ಬೆಲ್ಲದ ಕೊಪ್ಪರಿಗೆ ತೊಳೆದ ನೀರಿನ ಹಾಗೆ ಹಿಂದಿನಿಂದ ಏಳುತ್ತದೆ. ಅದು ಮೋಸಗಾರ ಮಾಲು, ಬಾಗಿಲಲ್ಲಿ ಪಾಸಾಗಿ ಪಡಸಾಲೆಯಲ್ಲಿ ಸಿಕ್ಕಿಬೀಳುತ್ತದೆ. ಸೊಲ್ಲಾಪುರದ ಬಟ್ಟೆ ವ್ಯಾಪಾರಿಯೊಬ್ಬ ಅಪರೂಪಕ್ಕೆ ಕೊಡುತ್ತಿದ್ದ ರಶಿಯಾದ್ದು ಮಾತ್ರ ಹೆಸರಿಗೆ ತಕ್ಕ ಹಾಗೆ. ತೊಳೆದು ಬೋರಲು ಹಾಕಿದ ಸ್ಟೀಲಿನ ಚೊಂಬು ಮೂಸಿದಂತೆ, ಬಹಳ ಹುಡುಕಿದರೆ ನೆನೆಸಿಟ್ಟ ಗೋಧಿಯ ಒಂದು ಎಳೆ.

ಕುಡಿಯುವ ರೀತಿಯೂ ಅಷ್ಟೇ. ಗೋಲಿ ಸೋಡಾ ಬೆರೆಸಿದ ದಿನ ತೇಗಿನ ಜೊತೆ ಎಲ್ಲ ಮೇಲೆ ಬರುತ್ತದೆ. ಮಜ್ಜಿಗೆಯಲ್ಲಿ ಹಾಕಿ ಕುಡಿದು ಒಂದು ಸಲ ಬಸ್ಸಿನಲ್ಲೇ ವಾಂತಿ ಮಾಡಿಕೊಂಡಿದ್ದರು. ಉಳ್ಳಾಗಡ್ಡಿ ತಿಂದರೆ ಆ ಹೊತ್ತಿಗೆ ಮುಚ್ಚುತ್ತದೆ, ಮರುದಿನ ಮುಂಜಾನೆ ಎರಡೂ ಸೇರಿ ನಾರುತ್ತವೆ. ಏಲಕ್ಕಿ, ಪಾನು ಕೂಡದು; ಅವು ಕುಡಿದವನ ಕೊರಳಿಗೆ ಕಟ್ಟಿದ ಗಂಟೆ. ನಿಂಬೆರಸ ಹಿಂಡಬಹುದು, ಸಕ್ಕರೆ ಹಾಕಬಾರದು. ಬಾಟಲಿಗೆ ಒದ್ದೆ ಗೋಣಿ ಸುತ್ತಿ ಅಂಗಡಿಯ ಹಿಂದಿನ ಬಾವಿಗೆ ಇಳಿಬಿಟ್ಟು, ಕೊರೆಯುವಂತೆ ತಣ್ಣಗಾದ ಮೇಲೆ ಸುರಾಯಿಯ ನೀರು ಬೆರೆಸಿ ಸಾವಕಾಶ ಕುಡಿಯಬೇಕು. ಮುಂಚೆ ಎರಡು ತುತ್ತು ಜೋಳದ ರೊಟ್ಟಿ, ಮೇಲೆ ಒಂದು ಮುಷ್ಟಿ ಪುಠಾಣಿ, ಅಂದರೆ ಹುರಿಗಡಲೆ. ಇದು ಎಲ್ಲಕ್ಕಿಂತ ಒಳ್ಳೆಯ ರೀತಿ. ಇದನ್ನು ಕಂಡುಹಿಡಿದವಳು ನಾನು. ಪಾಸಾಗದ ದಿನ ಏನು ತಿಂದಿರಿ, ಏನು ಬೆರೆಸಿದಿರಿ ಎಂದು ಕೇಳಿ, ಬಾಯಿಗೆ ಪುಠಾಣಿ ತುರುಕಿ, ದನದ ಕೊಟ್ಟಿಗೆಯಲ್ಲಿ ಕೂರಿಸಿ ಮತ್ತೆ ಮೂಸುತ್ತಿದ್ದೆ. ಒಳಗಿನಿಂದ ಅತ್ತೆ "ಬಂದನೇನವಾ?" ಎಂದು ಕೂಗುತ್ತಿದ್ದರು. "ಕಾಲು ತೊಳ್ಕೋಳಾಕತ್ತಾರ್ರಿ ಅತ್ತೀ" ಎನ್ನುತ್ತಿದ್ದೆ.

ಒಮ್ಮೆ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಅವಳ ಊರು ರಾಜೇಶ್ವರಕ್ಕೆ ಹೋಗಿದ್ದರು. ಇವರು ಹುಮನಾಬಾದಿನ ಗೆಳೆಯರನ್ನು ಮನೆಗೇ ಕರೆತಂದರು. ಪಡಸಾಲೆಯಲ್ಲಿ ಕುಳಿತು ಯಾವ ವೋಡ್ಕಾ ಮೇಲು ಎಂದು ವಾದಕ್ಕೆ ಬಿದ್ದರು. ಅದು ಬಗೆಹರಿಯಲಿಲ್ಲ. ಆಗ ನಮ್ಮ ಮನೆಯವರು, "ತಡೀರಿ, ನಮ್ಮ ಮನ್ಯಾಗ ಒಂದು ತಕ್ಕಡಿ ಅದ, ಸುಳ್ಳು ಹೇಳೂದಿಲ್ಲ" ಎಂದು ಎದ್ದು, ಸ್ಟೀಲಿನ ಲೋಟಗಳನ್ನು ಒಂದೊಂದಾಗಿ ಅಡಿಗೆಮನೆಯ ಕದದ ಸಂದಿಯಿಂದ ಒಳಗೆ ಕೊಟ್ಟರು. ನಾನು ಸೆರಗು ಹೊದ್ದು ಕದದ ಹಿಂದೆ ನಿಂತು ಮೂಸಿ ಹೇಳಿದೆ. ಇದು ಡಾಕ್ಟರದು, ಇದು ಬೆಲ್ಲದ್ದು, ಇದು ರಶಿಯಾದ್ದು, ಇದು ಬರೀ ನೀರು. ಕೊನೆಯದನ್ನು ಅವರು ಪರೀಕ್ಷೆಗೆಂದೇ ಇಟ್ಟಿದ್ದರಂತೆ. ಪಡಸಾಲೆಯಲ್ಲಿ ಹೋ ಎಂದು ಕೂಗೆದ್ದಿತು. "ನೋಡಿದ್ರೇನು, ಹ್ಯಾಂಗದ ನನ್ನ ಹೆಂಡತಿ ಮೂಗು! ಕಮಾಲ್!" ಎಂದು ಅವರು ತೊಡೆ ತಟ್ಟಿ ನಕ್ಕರು. ನಾಲ್ಕು ಜನರೆದುರು ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನ್ನ ಹೋಳಿಗೆಗೆ ಹೊಗಳಲಿಲ್ಲ, ಎರಡು ಮಕ್ಕಳನ್ನು ಹೆತ್ತದ್ದಕ್ಕೆ ಹೊಗಳಲಿಲ್ಲ. ನಾಚಿಕೆಗೇಡಿನ ಮಾತೆಂದರೆ, ಆ ದಿನ ನನಗೆ ಖುಷಿಯೇ ಆಯಿತು.

ಅವರು ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಕೈ ಎತ್ತಿದವರಲ್ಲ. ರೈತನ ತೂಕದಲ್ಲಿ ಕಾಳಿನಷ್ಟೂ ಮೋಸ ಮಾಡಿದವರಲ್ಲ. ಮಂಠಾಳ, ಕೊಹಿನೂರ ಕಡೆಯ ರೈತರು ಗಾಡಿ ಹೂಡಿದರೆ ಬೇರೆ ಅಂಗಡಿ ದಾಟಿ ಇವರಲ್ಲಿಗೇ ಬರುತ್ತಿದ್ದರು. ಒಮ್ಮೆ, "ಅತ್ತೀಗೆ ಅಂಜಿ ಇಷ್ಟೆಲ್ಲಾ ಮಾಡೂದಕಿಂತ ಬಿಟ್ಟುಬಿಡಬಾರದೇನ್ರಿ?" ಎಂದು ಕೇಳಿದ್ದೆ. "ಅವ್ವಗ ಅಂಜತೀನಿ ಅಂತನ ಇಷ್ಟಕ್ಕ ನಿಂತೀನಿ. ಆ ಅಂಜಿಕಿ ಇಲ್ಲಂದ್ರ ನಾ ಅಪ್ಪನ ಹಾದಿ ಹಿಡದು ಎಂದೋ ಹೋಗ್ತಿದ್ದೆ" ಎಂದರು. ಅದು ನಿಜವೆಂದು ಆಮೇಲೆ ಗೊತ್ತಾಯಿತು.

ಅತ್ತೆ ಹಾಸಿಗೆ ಹಿಡಿದಾಗ ನಾನೇ ಬಾಯಿಗೆ ಅಂಬಲಿ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಕೈ ಹಿಡಿದು ಕೇಳಿದರು: "ಹಿತ್ತಲದಾಗ ದಿನಾ ಅವನ ಬಾಯಿ ನೋಡತಿದ್ದಿ, ಹೌದಲ್ಲ?"

ಚಮಚ ಕೆಳಗಿಟ್ಟೆ. "ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತೀ?"

"ದಿನಾ ಅಡತಿ ಅಂಗಡ್ಯಾಗ ಕುಂತವನ ಬಾಯಾಗ ಚಾ ವಾಸನಿ ಬರಬೇಕು, ಬೀಡಿ ವಾಸನಿ ಬರಬೇಕು. ನನ್ನ ಮಗನ ಬಾಯಾಗ ಏನೂ ಬರ್ತಿದ್ದಿಲ್ಲ, ಪುಠಾಣಿ ಬಿಟ್ಟು. ನಾ ಒಬ್ಬ ಕುಡುಕನ ಸಂಗಾಟ ಬಾಳ್ವಿ ಮಾಡೀನವಾ."

"ಮತ್ತ ಅನ್ನ ಯಾಕ ಬಿಡಲಿಲ್ರಿ?"

"ವಾಸನಿ ಬಂದ್ರ ಬಿಡ್ತೀನಿ ಅಂದಿದ್ದೆ. ವಾಸನಿ ಬರದ್ಹಾಂಗ ನೀ ನೋಡ್ಕೊಂಡಿ," ಎಂದು ಗೋಡೆಯ ಕಡೆ ಹೊರಳಿದರು. ಆಮೇಲೆ ಮೆಲ್ಲಗೆ, "ನೀ ಅವಗ ಹಾದಿ ಮಾಡಿಕೊಟ್ಟಿ" ಎಂದರು.

ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪುವುದಿಲ್ಲ. ಮಗ ಹಾಳಾಗುವುದು ಕಣ್ಣಿಗೆ ಕಂಡರೂ ಆಣೆಯ ಅಕ್ಷರ ಹಿಡಿದು ಕುಳಿತವರು ಅವರು. ಆ ಅಕ್ಷರಕ್ಕೆ ಸರಿಹೋಗುವಂಥ ಬಾಟಲಿ ಹುಡುಕಿದವರು ಮಗ. ಇಬ್ಬರ ನಡುವೆ ಬೂದಿಗೈಯಲ್ಲಿ ನಿಂತವಳು ನಾನು. ತಾಯಿ ಮಗ ಸೇರಿ ಆಡಿದ ಆಟದ ತಪ್ಪನ್ನು ಸಾಯುವ ಮುಂಚೆ ಸೊಸೆಯ ಸೆರಗಿಗೆ ಕಟ್ಟಿ ಹೋದರು, ಅಷ್ಟೇ.

ಅತ್ತೆಯ ದಿನಕರ್ಮ ಮುಗಿದ ಮರುದಿನ ಸಂಜೆ ನಾನು ರೂಢಿಯಂತೆ ಹಿತ್ತಲಲ್ಲಿದ್ದೆ. ಅವರು ಬರಲಿಲ್ಲ. ಮುಂದಿನ ಕದ ಧಡಾರೆಂದು ತೆಗೆದ ಸದ್ದು ಕೇಳಿ ಒಳಗೆ ಹೋದರೆ ಪಡಸಾಲೆಯಲ್ಲಿ ನಿಂತಿದ್ದರು. ಮನೆಯೆಲ್ಲ ನಾತ. ವೋಡ್ಕಾ ಅಲ್ಲ, ಹುಮನಾಬಾದಿನ ಬಸ್‌ಸ್ಟ್ಯಾಂಡ್ ಹಿಂದೆ ಸಿಗುವ ಸಾರಾಯಿ. ಮಕ್ಕಳು ಪುಸ್ತಕ ಹಿಡಿದು ಮೂಲೆಗೆ ಸರಿದಿದ್ದರು.

"ಇಷ್ಟು ವಾಸನಿ ಬರಾಕತ್ತದಲ್ರಿ," ಎಂದೆ. "ಹಿತ್ತಲಕಡಿ ಬರ್ರಿ. ಪುಠಾಣಿ ತರ್ತೀನಿ."

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು, ತಾಯಿ ಕೂರುತ್ತಿದ್ದ ಜಾಗ ನೋಡಿದರು.

"ಯಾಕ? ಈಗ ಮನ್ಯಾಗ ಯಾರದಾರ?" ಎಂದರು.

ಬೈದಿದ್ದರೆ ಮರೆಯುತ್ತಿದ್ದೆ. ಹೊಡೆದಿದ್ದರೂ ಮರೆಯುತ್ತಿದ್ದೆನೇನೋ. ಇದನ್ನು ಅವರು ಸಿಟ್ಟಿಲ್ಲದೆ, ಸಹಜವಾಗಿ ಕೇಳಿದರು. ಅಷ್ಟು ವರ್ಷ ನನ್ನ ಮೂಗು ಅವರ ತಾಯಿಯ ಮೂಗಿಗೆ ಹಾಕಿದ ಹೊರಗಿನ ಕದ ಮಾತ್ರ ಆಗಿತ್ತು. ಒಳಗಿನವರು ಹೋದ ಮೇಲೆ ಕದಕ್ಕೇನು ಕೆಲಸ?

ಮುಂದಿನದು ಎಲ್ಲ ಕುಡುಕರ ಕಥೆಯೇ. ಬಾವಿ, ಸುರಾಯಿ, ರಶಿಯಾ ಎಲ್ಲ ಮರೆತುಹೋಯಿತು. ಸಿಕ್ಕದ್ದನ್ನು ಸಿಕ್ಕಲ್ಲಿ ಕುಡಿದರು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಸೊಲ್ಲಾಪುರದ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅತ್ತೆ ಹೋಗಿ ಮೂರನೆಯ ವರ್ಷಕ್ಕೆ ಇವರೂ ಹೋದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಪಡಸಾಲೆಯ ಅದೇ ಗೋಡೆಗೆ, ಅತ್ತೆ ಒರಗುತ್ತಿದ್ದ ಜಾಗದಲ್ಲೇ ಕೂರಿಸಿದ್ದರು. ಹುಮನಾಬಾದಿನ ಅಡತಿಯವರೆಲ್ಲ ಅಂಗಳ ತುಂಬಿದ್ದರು. ಮಠದ ಅಯ್ಯನವರು ವಿಭೂತಿ ಗಟ್ಟಿ ನನ್ನ ಕೈಗೆ ಕೊಟ್ಟು, "ಹಚ್ಚು ತಾಯಿ" ಎಂದರು. ಎದುರಿಗೆ ಬಾಗಿ ಹಣೆಗೆ ಬೆರಳು ಎಳೆದೆ. ಮುಖದ ಹತ್ತಿರ ಮುಖ ಹೋಯಿತು. ತುಟಿ ಸ್ವಲ್ಪ ತೆರೆದಿತ್ತು, ಹಲ್ಲಿನ ಸಂದು ಕಾಣುತ್ತಿತ್ತು. ರೂಢಿ ನೋಡಿ, ನಾನು ಮೂಸಿದೆ.

ಸಿಳ್ಳೆ ಬರಲಿಲ್ಲ. ವಾಸನೆಯೂ ಬರಲಿಲ್ಲ. ಯಾವ ಬಾಟಲಿಯಿಂದಲೂ ಸಾಧಿಸದಷ್ಟು ಚೊಕ್ಕಟವಾಗಿ ಪಾಸಾಗಿದ್ದರು.

"ಬರೂದಿಲ್ರಿ" ಎಂಬ ಮಾತು ತುದಿನಾಲಿಗೆಗೆ ಬಂತು. ಹೇಳಲಿಲ್ಲ. ಈಗ ಮನೆಯಲ್ಲಿ ಯಾರಿದ್ದರು, ಕೇಳುವುದಕ್ಕೆ?