ಮಂಗ ಒಯ್ದ ಕೊನೆಯ ಹಾಳೆ

ನಾನು ಹೇಳುತ್ತಿರುವ ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಹೊಡೆತ ಎಂಬುದು ಊಟದಷ್ಟೇ ಸಾಮಾನ್ಯವಾಗಿತ್ತು. ಸಾಲಿಯಲ್ಲಿ ಮಾಸ್ತರು, ಮನೆಯಲ್ಲಿ ಅಪ್ಪ, ಕೆರೆಯ ದಂಡೆಯಲ್ಲಿ ನಾವೇ ಒಬ್ಬರಿಗೊಬ್ಬರು. ಬಾದಾಮಿಯ ಕೆಂಪು ಕಲ್ಲಿನ ಮೇಲೆ ಬಿದ್ದು ಮಂಡಿ ತರಚಿಕೊಂಡರೆ ರಕ್ತ ಯಾವುದು, ಕಲ್ಲಿನ ಪುಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಅವ್ವ ಅದರ ಮೇಲೆ ಒಂದು ಚಿಟಿಕೆ ಅರಿಷಿಣ ಮೆತ್ತಿ, ತಲೆಗೊಂದು ಮೊಟಕಿ ಮತ್ತೆ ಆಟಕ್ಕೆ ಕಳಿಸುತ್ತಿದ್ದಳು. ಈಗ ನನ್ನ ಮಗಳ ಬೆರಳಿಗೆ ಮುಳ್ಳು ಚುಚ್ಚಿದರೆ ಮನೆಯ ಮೂರು ಮಂದಿ ಎದ್ದು ಓಡುತ್ತೇವೆ. ನಿಮ್ಮಲ್ಲಿಯೂ ಹಾಗೇ ಇರಬೇಕು.

ನಮ್ಮ ಹೊಡೆದಾಟಕ್ಕೊಂದು ಶಾಸ್ತ್ರವಿತ್ತು. ಅದು ಬಂದದ್ದು ‘ಗರುಡಮುಷ್ಟಿ’ ಎಂಬ ಕಾಮಿಕ್ಸ್ ಪುಸ್ತಕದಿಂದ. ಗರುಡಮುಷ್ಟಿ ಎಂದರೆ ಕಬ್ಬಿಣದ ಕೈಯ ವೀರ. ಅವನು ಒಂದು ಗುದ್ದು ಕೊಟ್ಟರೆ ಕಳ್ಳರು ಗೋಡೆ ಒಡೆದುಕೊಂಡು ಆಚೆ ಬೀಳುತ್ತಿದ್ದರು, ಹಲ್ಲು ಹಾಳೆಯ ತುಂಬ ಹಾರುತ್ತಿದ್ದವು. ಅವನ ವೈರಿ ಕಪ್ಪುಚೇಳು. ನಾವು ಏಳೆಂಟು ಹುಡುಗರು ಕೆರೆಯ ಮೆಟ್ಟಿಲ ಮೇಲೆ ಆ ಆಟ ಆಡುತ್ತಿದ್ದೆವು. ಗುದ್ದು ಖರೇ ಗುದ್ದಾಗಿರಬೇಕು, ಮತ್ತು ಯಾರು ಮೊದಲು ಅಳುತ್ತಾರೋ ಅವರು ಮರುದಿನ ಕಪ್ಪುಚೇಳು. ನಾನು ಬೇಗ ಅಳುವವನು. ಹಾಗಾಗಿ ಎರಡು ವರ್ಷ ನಾನೇ ಕಪ್ಪುಚೇಳು.

ಹನಮ್ಯಾ ಎಂದೂ ಅಳುತ್ತಿರಲಿಲ್ಲ. ಅವನು ನಮ್ಮ ಪಕ್ಕದ ಮನೆಯ ಯಲ್ಲವ್ವನ ಒಬ್ಬನೇ ಮಗ. ಯಲ್ಲವ್ವ ಲಾಡ್ಜುಗಳ ಚಾದರ, ದಿಂಬಿನ ಗವಸು ತಂದು ಕೆರೆಯಲ್ಲಿ ಒಗೆಯುತ್ತಿದ್ದಳು. ಆರು ವರ್ಷ ಮಕ್ಕಳಾಗದೆ, ಶನಿವಾರಕ್ಕೊಮ್ಮೆ ಹನಮಪ್ಪನಿಗೆ ಎಣ್ಣೆ ಹಾಕಿ ಬೇಡಿಕೊಂಡ ಮೇಲೆ ಹುಟ್ಟಿದವನೆಂದು ಮಗನಿಗೆ ಅದೇ ಹೆಸರಿಟ್ಟಿದ್ದಳು. ನಮ್ಮಪ್ಪನ ಸೈಕಲ್ ಅಂಗಡಿಯಿಂದ ನಾನು ಕದ್ದು ತಂದ ಹಳೆಯ ಟ್ಯೂಬಿನಿಂದ ಹನಮ್ಯಾ ಒಂದು ರಬ್ಬರ್ ಬಿಲ್ಲು ಮಾಡಿಕೊಂಡಿದ್ದ. ಹಾರುವ ಪಾರಿವಾಳದ ಪುಚ್ಚ ಉದುರಿಸುವಷ್ಟು ಗುರಿ ಅವನದು. ನನಗೆ ಅವನೆಂದರೆ ಜೀವ; ಹೊಟ್ಟೆಕಿಚ್ಚೂ ಅಷ್ಟೇ.

ನಾವು ಮೂರನೆಯ ಇಯತ್ತೆಯಲ್ಲಿದ್ದಾಗ ಗರುಡಮುಷ್ಟಿ ನಿಂತುಹೋಯಿತು. ಕಡೆಯ ಪುಸ್ತಕದಲ್ಲಿ ಕಪ್ಪುಚೇಳು ಅವನನ್ನು ಕುಲುಮೆಗೆ ತಳ್ಳಿದ. ಬೂದಿಯ ಚಿತ್ರ ಬರೆದು ಮುಗಿಸಿಬಿಟ್ಟರು. ಎರಡು ವರ್ಷದ ಮೇಲೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ಕಾಗದ ಅಂಟಿಸಿದ್ದರು: ಗರುಡಮುಷ್ಟಿ ಮತ್ತೆ ಬರುತ್ತಿದ್ದಾನೆ, ಸಂಚಿಕೆ ಒಂದು. ನಮಗೆ ದಿಕ್ಕೇ ತಿಳಿಯಲಿಲ್ಲ. ನಲವತ್ತು ಪುಸ್ತಕ ಬಂದುಹೋದವನಿಗೆ ಮತ್ತೆ ಒಂದು ಹೇಗೆ?

ಅಂಗಡಿಯ ರಸೂಲಸಾಬ್ ಕಾಕಾ ಬೀಡಿ ಆರಿಸುತ್ತ ಹೇಳಿದರು, "ಹಳೇದ ಮುಗೀತು. ಇನ್ನ ಹೊಸಾದಾಗಿ ಒಂದರಿಂದ ಶುರು."

"ಮತ್ತ ಅವ ಸತ್ತಿದ್ನಲ್ರಿ ಕಾಕಾ?" ಎಂದು ಹನಮ್ಯಾ ಕೇಳಿದ.

"ಪುಸ್ತಕದಾಗ ಸತ್ತವ್ರ ಏಳ್ತಾರ ಬಿಡೋ."

ಹೇಗೆ ಎದ್ದ ಎಂಬುದೇ ನಮ್ಮ ಒಂದು ತಿಂಗಳ ಚರ್ಚೆ. ಅದರಲ್ಲಿಯೂ ನಾಲ್ಕು ಮೂಗು ಒಡೆದವು. ಕೊನೆಗೊಂದು ಕರಾರಾಯಿತು: ಮೊದಲನೆಯ ಸಂಚಿಕೆ ಯಾರ ಕೈಗೆ ಸಿಗುತ್ತದೋ ಅವನೇ ಇನ್ನು ಗರುಡಮುಷ್ಟಿ, ಅತ್ತರೂ ಸೈ. ಅವನು ಹೇಳಿದ್ದನ್ನು ಉಳಿದವರು ಎದುರಾಡದೆ ಮಾಡಬೇಕು. ಈ ಕರಾರು ಹುಟ್ಟಿದ್ದು ನನ್ನ ಬಾಯಿಂದ.

ಬಾಗಲಕೋಟೆಯ ಬಸ್ಸಿನಲ್ಲಿ ಬಂದ ಕಟ್ಟಿನಲ್ಲಿ ಇದ್ದದ್ದು ಒಂದೇ ಪ್ರತಿ. ಅಂಗಡಿಯ ಮುಂದೆ ಸಣ್ಣ ಯುದ್ಧವೇ ಆಯಿತು. ಯಾರೋ ನನ್ನ ಅಂಗಿ ಹರಿದರು, ನಾನು ಬಸ್ಯಾ ಎಂಬವನ ಮುಂಗೈ ಕಚ್ಚಿದೆ. ಬಾಯಿಗೆ ಉಪ್ಪು ರಕ್ತ ಬಂದರೂ ಬಿಡಲಿಲ್ಲ. ಇನ್ನೊಬ್ಬ ನನ್ನ ಕುತ್ತಿಗೆ ಹಿಡಿದಾಗ ಹನಮ್ಯಾ ಅವನನ್ನು ಎತ್ತಿ ಕಬ್ಬಿನ ಹಾಲಿನ ಗಾಡಿಯ ಮೇಲೆ ಒಗೆದ. ಹಬ್ಬಕ್ಕೆ ಅಜ್ಜಿ ಕೊಟ್ಟ ನೋಟು ನನ್ನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಪುಸ್ತಕ ನನ್ನದಾಯಿತು. ಹೊಸ ಬಣ್ಣದ ವಾಸನೆ ಇನ್ನೂ ಹಸಿಯಾಗಿಯೇ ಇತ್ತು.

ನಾವಿಬ್ಬರೇ ಕೆರೆಯ ಮೇಲಿನ ಪಾಳು ಮಂಟಪಕ್ಕೆ ಹತ್ತಿದೆವು. ತೊಡೆಯ ಮೇಲೆ ಚುರಮರಿಯ ಪೊಟ್ಟಣ, ಅದರ ಮೇಲೆ ಪುಸ್ತಕ. ಈ ಸಲದ ಗರುಡಮುಷ್ಟಿಯ ಕಥೆ ಭಾಳ ಉಗ್ರವಾಗಿತ್ತು. ಹಾಳೆ ಹಾಳೆಗೂ ಮುರಿದ ತೋಳು, ಒಡೆದ ತಲೆ. ಕಪ್ಪುಚೇಳು ಒಬ್ಬ ಪೊಲೀಸನ ಕಣ್ಣನ್ನೇ ಕಿತ್ತಿದ್ದ. ನಾವು ಉಸಿರು ಬಿಗಿಹಿಡಿದು ಹಾಳೆ ತಿರುವಿದೆವು. ತಿರುವಿದ ಹಾಳೆಯ ಕಡೆಯ ಚಿತ್ರದಲ್ಲಿ ಕುಲುಮೆಯ ಬೂದಿಯಿಂದ ಒಂದು ಕಬ್ಬಿಣದ ಕೈ ಮೇಲೆ ಬರುತ್ತಿತ್ತು. ಇನ್ನೊಂದು ಹಾಳೆ ಉಳಿದಿತ್ತು.

"ತಿರುವ್ ಲೇ," ಎಂದ ಹನಮ್ಯಾ.

ತಿರುವುವಷ್ಟರಲ್ಲಿ ಹಿಂದಿನಿಂದ ಒಂದು ಮಂಗ ಬಂದು ಚುರಮರಿಯ ಪೊಟ್ಟಣಕ್ಕೆ ಕೈ ಹಾಕಿತು. ನಾನು ಪುಸ್ತಕ ಬಿಗಿಹಿಡಿದೆ, ಅದು ಎಳೆಯಿತು. ಪೊಟ್ಟಣದ ಜೊತೆ ಪುಸ್ತಕದ ಕಡೆಯ ಹಾಳೆ ಪರ್ರೆಂದು ಕಿತ್ತುಹೋಯಿತು. ಚುರಮರಿ ಎಲ್ಲ ಚೆಲ್ಲಿತು, ಮಂಗ ಹಾಳೆ ಹಿಡಿದುಕೊಂಡೇ ಮಂಟಪದ ಚಾಚಿದ ಕಲ್ಲಿನ ಮೇಲೆ ಹತ್ತಿ ಕೂತಿತು. ಅದರ ಹೊಟ್ಟೆಗೆ ಒಂದು ಮರಿ ಅವಚಿಕೊಂಡಿತ್ತು. ಮರಿ ನನಗೆ ಕಂಡಿತ್ತು. ಅದನ್ನು ನಾನು ಈಗ ಮುಚ್ಚಿಡುವುದಿಲ್ಲ.

"ಹೊಡಿ ಲೇ," ಎಂದೆ.

"ಬ್ಯಾಡ. ಮರಿ ಐತಿ."

"ನಾ ಗರುಡಮುಷ್ಟಿ ಅದೇನಿ. ಹೇಳಿದ್ದ ಕೇಳಬೇಕು. ತಲಿಗೆ ಹೊಡಿ."

ಮಂಗ ಹಾಳೆಯನ್ನು ಮೂಸಿ ನೋಡುತ್ತಿತ್ತು. ಹನಮ್ಯಾ ನನ್ನ ಮುಖ ನೋಡಿದ, ಕಿಸೆಯಿಂದ ಬಿಲ್ಲು ತೆಗೆದ, ನಿಂಬೆಗಾತ್ರದ ಕಲ್ಲಿಟ್ಟು ಎಳೆದು ಬಿಟ್ಟ. ತೆಂಗಿನಕಾಯಿ ಒಡೆದಂತಹ ಸಪ್ಪಳ. ಮಂಗ ಕಿರುಚಲೂ ಇಲ್ಲ. ತಲೆಕೆಳಗಾಗಿ ಬಂಡೆಗೆ ಬಡಿದು ಉರುಳುತ್ತ ಕೆಳಗಿನ ಮೆಟ್ಟಿಲ ಮೇಲೆ ಬಿದ್ದಿತು. ಕಿವಿಯಿಂದ ರಕ್ತ ಬಂತು, ಕಾಲು ಎರಡು ಸಲ ಝಾಡಿಸಿ ನಿಂತವು. ಮರಿ ಮಾತ್ರ ಬಿಡದೆ ಹಾಗೆಯೇ ಅವಚಿಕೊಂಡು ಕಿರಗುಟ್ಟುತ್ತಿತ್ತು. ಆಮೇಲೆ ಇನ್ನೊಂದು ಹೆಣ್ಣು ಮಂಗ ಇಳಿದು ಬಂದು ಅದನ್ನು ಕಿತ್ತುಕೊಂಡು ಗುಡ್ಡ ಹತ್ತಿತು.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದುನಿಂತರು. ಅವರಲ್ಲಿ ಯಲ್ಲವ್ವ ಇದ್ದಳು. ಬಟ್ಟೆ ಬಡಿಯುವ ಕಟ್ಟಿಗೆ ಅವಳ ಕೈಯಲ್ಲೇ ಇತ್ತು. ಹನಮ್ಯಾ ಓಡಲಿಲ್ಲ. ಮೆಟ್ಟಿಲಿಳಿದು ತಾಯಿಯ ಮುಂದೆ ಹೋಗಿ ನಿಂತ.

"ನಿನ್ನ ಹೆಸರೇನಲೇ?" ಎಂದು ಕೇಳಿ ಯಲ್ಲವ್ವ ಬೆನ್ನಿಗೆ ಬಾರಿಸಿದಳು.

"ಹನಮಂತ."

"ಏನಲೇ ನಿನ್ನ ಹೆಸರು?"

"ಹನಮಂತ."

ಪ್ರತಿ ಏಟಿಗೂ ಅದೇ ಪ್ರಶ್ನೆ, ಅದೇ ಉತ್ತರ. ತೊಡೆ, ಮೊಣಕೈ, ಬೆನ್ನು, ಎಲ್ಲೆಂದರಲ್ಲಿ ಬಿತ್ತು. ಅವನ ಮೊಣಕೈ ಬಾತು ಬದನೆಕಾಯಿಯಂತಾಯಿತು. ಕಡೆಗೆ ಕಟ್ಟಿಗೆ ಒಗೆದು ಅವಳೇ ನೆಲಕ್ಕೆ ಕುಸಿದು ಅತ್ತಳು. ಹನಮ್ಯಾ ಆಗಲೂ ಅಳಲಿಲ್ಲ. ಒಂದೇ ಸಲ ಮೇಲೆ ನನ್ನತ್ತ ನೋಡಿದ. ನಾನು ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡಿದ್ದೆ.

ಮನೆಯಲ್ಲಿ ಅಪ್ಪ ಕೇಳಿದ, "ನೀ ಇದ್ದೇನಲ್ಲಿ?"

"ಇದ್ದೆ."

"ನೀ ಏನ್ ಮಾಡಿದಿ?"

"ನಾ ಏನೂ ಮಾಡಿಲ್ಲ," ಎಂದೆ. ನಾನು ಕಲ್ಲು ಮುಟ್ಟಿರಲಿಲ್ಲವಲ್ಲ.

ನಮ್ಮ ಕಡೆ ಮಂಗ ಸತ್ತರೆ ಹಾಗೆಯೇ ಬಿಸಾಡುವುದಿಲ್ಲ ಎಂಬುದು ನಿಮಗೆ ಗೊತ್ತು. ಮನುಷ್ಯರಿಗೆ ಮಾಡಿದಂತೆ ಎಲ್ಲ ಮಾಡುತ್ತಾರೆ. ಓಣಿಯ ಹಿರಿಯರು ಅದಕ್ಕೆ ಅರಿಷಿಣ ನೀರು ಹಾಕಿ, ಹೊಸ ಬಟ್ಟೆ ಹೊದಿಸಿ, ಚೆಂಡುಹೂ ಹಾಕಿ ಕುರ್ಚಿಯಲ್ಲಿ ಕೂಡಿಸಿದರು. ಹಲಗಿ ಬಾರಿಸುವವರು ಬಂದರು, ಭಜನಿಯವರು ಬಂದರು, ರಸೂಲಸಾಬ್ ಕಾಕಾನೂ ಅಂಗಡಿ ಮುಚ್ಚಿ ಬಂದು ಹಿಂದೆ ನಿಂತರು. ನೀರು ಹಾಕುವಾಗ ಅದರ ಮುಷ್ಟಿಯಲ್ಲಿ ಬಣ್ಣದ ಕಾಗದ ಕಂಡಿತು. ಒಬ್ಬ ಮುದುಕ ಬೆರಳು ಬಿಡಿಸಲು ನೋಡಿದ, ಸೆಟೆದುಕೊಂಡಿದ್ದವು.

"ಬಿಡ್ರಿ. ಅದರ ಕೈಯಾಗಿಂದು ಅದಕ್ಕ ಇರಲಿ," ಎಂದಳು ಯಲ್ಲವ್ವ.

ಆಮೇಲೆ ಅವಳೇ ಮುಂದೆ ಬಂದು, ಕೊಂದವನೇ ಅದರ ಮಗನಾಗಿ ಮಣ್ಣು ಕೊಡಬೇಕೆಂದಳು. ನಾವಲಿಗ ಬಂದ. ಹನ್ನೊಂದು ವರ್ಷದ ಹನಮ್ಯಾ ಕೆರೆಯ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ. ತಾಯಿ ಸತ್ತವರ ಹಾಗೆ ಅವನ ತಲೆ ಬೋಳಿಸಿದರು. ಬಾತ ಮೊಣಕೈಯಲ್ಲೇ ಬೆಂಕಿಯ ಮಡಕೆ ಹಿಡಿದು ಮೆರವಣಿಗೆಯ ಮುಂದೆ ನಡೆದ. ನನ್ನ ಕೂದಲಿಗೆ ಅವ್ವ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದಳು. ನಾನು ಗುಂಪಿನಲ್ಲಿ ನಿಂತು ಯೋಚಿಸುತ್ತಿದ್ದದ್ದು ಮಂಗನ ಬಗ್ಗೆ ಅಲ್ಲ, ಹನಮ್ಯಾನ ಬಗ್ಗೆಯೂ ಅಲ್ಲ. ಆ ಹಾಳೆ ಮಣ್ಣಿಗೆ ಹೋಯಿತಲ್ಲ ಎಂದು.

ಮೂರನೆಯ ದಿನ ಬೆಳಗ್ಗೆ ಸಾಲಿಗೆ ಹೋಗುವ ಮೊದಲು, ಅಪ್ಪನ ಅಂಗಡಿಯಿಂದ ಟೈರ್ ಬಿಚ್ಚುವ ಕಬ್ಬಿಣದ ಪಟ್ಟಿ ತೆಗೆದುಕೊಂಡು ಗುಡ್ಡದ ಬುಡದಲ್ಲಿ ಮಂಗನನ್ನು ಹೂಳಿದ ಜಾಗಕ್ಕೆ ಹೋದೆ. ಮಣ್ಣು ಇನ್ನೂ ಮೆತ್ತಗಿತ್ತು. ಒಂದು ಮೊಳ ಅಗೆದೆ. ವಾಸನೆ ಬಂತು, ಮೂಗು ಕಟ್ಟಿಕೊಂಡು ಮತ್ತೆ ಅಗೆದೆ. ಹೊಸ ಬಟ್ಟೆಯ ಅಂಚು ಕಂಡಿತು. ಅಷ್ಟರಲ್ಲಿ ಹಿಂದೆ ಹೆಜ್ಜೆಯ ಸಪ್ಪಳವಾಯಿತು.

ಹನಮ್ಯಾ ಹಾಲು-ತುಪ್ಪ ಬಿಡಲು ಒಬ್ಬನೇ ಬಂದಿದ್ದ. ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಅವನು ನನ್ನನ್ನು ನೋಡಿದ, ಕುಣಿ ನೋಡಿದ. ತಂಬಿಗೆಯನ್ನು ಚೆಲ್ಲದಂತೆ ಒಂದು ಕಲ್ಲಿನ ಮೇಲೆ ಇಟ್ಟ. ಆಮೇಲೆ ಹೊಡೆದ.

ಎರಡು ವರ್ಷ ಅವನ ಗುದ್ದು ತಿಂದಿದ್ದೆ. ಅವೆಲ್ಲ ಆಟದ ಗುದ್ದು ಎಂದು ಆವತ್ತು ತಿಳಿಯಿತು. ಹೊಟ್ಟೆಗೆ ಒದ್ದ. ಬಗ್ಗಿದವನ ಕೂದಲು ಹಿಡಿದು ಮುಖವನ್ನು ನಾನೇ ತೋಡಿದ ಮಣ್ಣಿಗೆ ಉಜ್ಜಿದ. ಕಬ್ಬಿಣದ ಪಟ್ಟಿ ಬಾಯಿಗೆ ಬಡಿದು ಮುಂದಿನ ಹಲ್ಲು ಅರ್ಧ ಮುರಿಯಿತು. ನಾನು ಜೋರಾಗಿ ಅಳುತ್ತಿದ್ದೆ, ಅವನೂ ಅಳುತ್ತಿದ್ದ. ಹನಮ್ಯಾ ಅತ್ತದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

"ಮುಚ್ಚು," ಎಂದ.

ಎರಡೂ ಕೈಯಿಂದ ಮಣ್ಣೆಳೆದು ಮುಚ್ಚಿದೆ. ಅದರ ಮೇಲೆ ನನ್ನ ಬಾಯಿಯ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಅದರ ಮೇಲೆಯೇ ಹಾಲು ಬಿಟ್ಟ, ತುಪ್ಪ ಬಿಟ್ಟ, ಬೋಳು ತಲೆಯನ್ನು ನೆಲಕ್ಕೆ ಮುಟ್ಟಿಸಿದ. ಎದ್ದು ನನ್ನತ್ತ ತಿರುಗದೆ, "ಇನ್ನ ನೀವು ಹೋಗ್ರಿ," ಎಂದ.

ಅಷ್ಟೊತ್ತಿನ ಪೆಟ್ಟಿಗಿಂತ ಆ ಮಾತು ಜಾಸ್ತಿ ಹತ್ತಿತು. ಹುಟ್ಟಿದಾಗಿನಿಂದ ‘ಲೇ’ ಎಂದವನು ನನ್ನನ್ನು ಪರವೂರಿನ ದೊಡ್ಡವರನ್ನು ಸಾಗಹಾಕಿದಂತೆ ಸಾಗಹಾಕಿದ್ದ. ಮನೆಯಲ್ಲಿ ಮೆಟ್ಟಿಲ ಮೇಲೆ ಜಾರಿಬಿದ್ದೆ ಎಂದೆ. ಹೊಡಿ ಎಂದದ್ದು ನಾನು ಎಂದು ಅವನು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಗನ ಕೈಗೆ ಪಾಪ ಹತ್ತಿತೆಂದು ಯಲ್ಲವ್ವ ವರ್ಷಗಟ್ಟಲೆ ಶನಿವಾರ ಒಪ್ಪೊತ್ತು ಉಂಡಳು, ಹಾಗೆಯೇ ತೀರಿಕೊಂಡಳು.

ನಾನೀಗ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತ. ದಿನವೂ ಸಾಕ್ಷಿಗಳಿಗೆ ಖರೇ ಹೇಳಿರಿ ಎಂದು ಹೇಳುವುದನ್ನು ಕೇಳುತ್ತ ಕೂಡುತ್ತೇನೆ. ಮೊನ್ನೆ ಜೊತೆಯವರ ಮಗನೊಬ್ಬ ಮೊಬೈಲ್ ಹಿಡಿದು ಬಂದ. ಗರುಡಮುಷ್ಟಿಯನ್ನು ಮತ್ತೆ ಹೊಸದಾಗಿ ತರುತ್ತಿದ್ದಾರಂತೆ, ಮತ್ತೆ ಸಂಚಿಕೆ ಒಂದು. ಹಳೆಯ ಪುಸ್ತಕಗಳನ್ನೂ ಅದರಲ್ಲಿಯೇ ಹಾಕಿದ್ದರು. ನಮ್ಮ ಪುಸ್ತಕ ತೆಗೆದು ಕಡೆಗೆ ಸರಿಸಿದೆ. ಬೂದಿಯಿಂದ ಕೈ ಮೇಲೆ ಬಂತು. ಮುಂದಿನ ಹಾಳೆಯ ಒಂದು ಮಗ್ಗುಲಿಗೆ ಕಂಪಾಸ್ ಡಬ್ಬಿಯ ಜಾಹೀರಾತು, ಇನ್ನೊಂದು ಮಗ್ಗುಲಿಗೆ ಪೆನ್ಸಿಲ್ಲಿನದು. ಅಷ್ಟೇ.

ಆ ಭಾನುವಾರ ಬಾದಾಮಿಗೆ ಹೋದೆ. ಹನಮ್ಯಾ ಈಗ ಕ್ರೂಸರ್ ಓಡಿಸುತ್ತಾನೆ, ಪ್ರವಾಸಿಗರನ್ನು ಪಟ್ಟದಕಲ್ಲು, ಐಹೊಳೆಗೆ ಒಯ್ಯುತ್ತಾನೆ. ಗುಹೆಗಳ ಮುಂದೆ ಗಾಡಿ ನಿಲ್ಲಿಸಿಕೊಂಡಿದ್ದ. ಒಬ್ಬ ಪ್ರವಾಸಿಯ ಚೀಲ ಮಂಗ ಕಸಿದುಕೊಂಡಿತ್ತು, ಆತ ಕಲ್ಲೆತ್ತಿದ್ದ. ಹನಮ್ಯಾ ಆತನ ಮುಂಗೈ ಹಿಡಿದಿದ್ದ. "ಬ್ಯಾಡ್ರಿ. ಒಯ್ಲಿ ಬಿಡ್ರಿ."

ನನ್ನನ್ನು ಕಂಡು, "ಬರ್ರಿ ಸರ," ಎಂದ. ಇಷ್ಟು ವರ್ಷವೂ ಎದುರಾದಾಗೆಲ್ಲ ಅಷ್ಟೇ.

"ಆ ಕಡೀ ಹಾಳಿ ಸಿಕ್ತು," ಎಂದೆ.

ಯಾವ ಹಾಳೆ ಎಂದು ಅವನು ಕೇಳಲಿಲ್ಲ. "ಏನಿತ್ರಿ ಅದರಾಗ?"

ಖರೇ ಹೇಳಿ ಹಗುರಾಗಬೇಕೆಂದೇ ಹೋಗಿದ್ದೆ. ಅವನ ಮುಖ ನೋಡಿ ನಾಲಿಗೆ ಸುಳ್ಳಿಗೆ ಹೊರಳಿತು. "ಯಾರೋ ಬೂದಿ ಮ್ಯಾಲ ಹಾಲು ಹಾಕ್ತಾರ," ಎಂದೆ, "ಅವ ಎದ್ದ ಬರ್ತಾನ."

ಹನಮ್ಯಾ ನನ್ನ ಮುರಿದ ಹಲ್ಲನ್ನೇ ನೋಡುತ್ತ ನಿಂತ.

"ಖರೇ ಹೇಳ್ ಲೇ," ಎಂದ.

"ಕಂಪಾಸ್ ಡಬ್ಬಿ ಜಾಹೀರಾತು," ಎಂದೆ. "ಕತಿ ಮೊದಲ ಮುಗದಿತ್ತು ಹನಮ್ಯಾ. ನಮ್ಮ ಕೈಯಾಗಿದ್ದ ಹಾಳ್ಯಾಗ ಮುಗದಿತ್ತು."

ಅವನು ಬಲಗೈಯನ್ನು ನಿಧಾನವಾಗಿ ತಲೆಯ ಮೇಲೆ ಆಡಿಸಿಕೊಂಡ, ಹಿಂದಿನಿಂದ ಮುಂದಕ್ಕೆ, ಕೂದಲು ಬಂದಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ಅಷ್ಟರಲ್ಲಿ ಅವನ ಮಂದಿ ಗುಹೆಯಿಂದ ಇಳಿದು ಬಂದು ಗಾಡಿ ಹತ್ತಿದರು.

"ಬರ್ತೇನ್ರಿ ಸರ," ಎಂದು ಹನಮ್ಯಾ ಗಾಡಿ ಶುರು ಮಾಡಿದ.

ಗರುಡಮುಷ್ಟಿ ಮೂರನೆಯ ಸಲ ಒಂದರಿಂದ ಶುರುವಾಗುತ್ತಿದ್ದಾನೆ. ಇಪ್ಪತ್ತೈದು ವರ್ಷದಲ್ಲಿ ನನಗೆ ವಾಪಸು ಸಿಕ್ಕಿದ್ದು ಒಂದೇ ಒಂದು ‘ಲೇ’, ಅದೂ ಖರೇ ಹೇಳಿದ ಕೂಡಲೇ ಹೋಯಿತು.