ಅರ್ಧಕ್ಕೆ ನಿಂತ ಮೋಲ್ಡು

ಮೇಸ್ತ್ರಿ ಎಲಿಯೋದೊರೊ ಹುವಾರೊಕ್ ಮನುಷ್ಯರನ್ನೂ ಕಟ್ಟಡದ ಲೆಕ್ಕದಲ್ಲೇ ಅಳೆಯುವವನು. ಅವನ ಅತ್ತೆ ತಳಪಾಯ. ಕಣ್ಣಿಗೆ ಬೀಳುವುದಿಲ್ಲ, ಅಲುಗಿದರೆ ಮಾತ್ರ ಎಲ್ಲರ ಕಥೆ ಮುಗಿಯಿತು. ಹೆಂಡತಿ ಫೆಲಿಸಿತಾಸ್ ಭಾರ ಹೊರುವ ಗೋಡೆ. ಭಾವಮೈದ ತೆಯೋಫಿಲೊ ಬರೀ ಅಡ್ಡಗೋಡೆ. ಕೆಡವಿದರೂ ಮನೆ ನಿಲ್ಲುತ್ತದೆ, ಕೋಣೆ ಸ್ವಲ್ಪ ಅಗಲವಾಗುತ್ತದೆ, ಅಷ್ಟೆ. ತಾನೇನೆಂದು ಅವನು ಬಾಯಿಬಿಟ್ಟು ಹೇಳಿದ್ದಿಲ್ಲ. ಮುಖ್ಯ ತೊಲೆ ಎಂಬುದು ನಡಿಗೆಯಲ್ಲೇ ತಿಳಿಯುತ್ತಿತ್ತು.

ಆದರೆ ತೊಲೆ ಎಂದ ಮೇಲೆ ಒಂದು ಕಡೆ ನಿಲ್ಲಬೇಕಲ್ಲ? ಈತ ಊಟದ ನಡುವೆಯೂ ಎದ್ದು ಗೋಡೆ ತಟ್ಟಿ ಬರುವ ಆಸಾಮಿ. ಹುವಾಂಕಾಯೊ ಪಟ್ಟಣದ ನಮ್ಮ ಗುಡ್ಡದ ಓಣಿಯಲ್ಲಿ ಯಾರ ಲಿಂಟಲ್ ಬಾಗಿದೆ, ಯಾರ ಕಂಬ ತೂಗುಗುಂಡು ಬಿಟ್ಟು ನೋಡಿದರೆ ನೆಟ್ಟಗಿಲ್ಲ ಎಂಬುದೆಲ್ಲ ಅವನ ನಾಲಿಗೆಯ ಮೇಲೆ. ಯಾರದಾದರೂ ತಾರಸಿ ಸೋರಿದರೆ ಅವನದು ಒಂದೇ ಪಾಠ: ಮೋಲ್ಡನ್ನು ಒಂದೇ ಉಸಿರಿನಲ್ಲಿ ಹಾಕಬೇಕು, ನಡುವೆ ನಿಲ್ಲಿಸಿದರೆ ಹಳೆಯ ಕಾಂಕ್ರೀಟು ಹೊಸದನ್ನು ಸೇರಿಸಿಕೊಳ್ಳುವುದಿಲ್ಲ, ಗೆರೆ ಬೀಳುತ್ತದೆ, ಆ ಗೆರೆಯಲ್ಲೇ ನೀರು ಇಳಿಯುತ್ತದೆ.

ಅವನ ಸ್ವಂತ ಮನೆಯಲ್ಲಿ ಕೆಳಗೆ ಅತ್ತೆಯ ದಿನಸಿ ಅಂಗಡಿ, ಮೇಲೆ ಗಂಡಹೆಂಡತಿ ಮಲಗುವ ಕೋಣೆ, ಅದಕ್ಕೆ ತೂತು ಬಿದ್ದ ತಗಡು. ಮಳೆ ಬಂದಾಗಲೆಲ್ಲ ಫೆಲಿಸಿತಾಸ್ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆಯುತ್ತಿದ್ದಳು. ಈ ವರ್ಷ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು.

"ಮಳೆಗೆ ಮುಂಚೆ ಮೋಲ್ಡು ಬೀಳ್ಬೇಕು ಎಲಿಯೋ. ಇಲ್ದಿದ್ರೆ ನಾನು ಕೆಳಗೆ ಅಮ್ಮನ ಆಲೂಗಡ್ಡೆ ಮೂಟೆ ಮೇಲೆ ಮಲಗ್ತೀನಿ. ನೀನು ನಿನ್ನ ತಗಡಿನ ಜೊತೆ ಸಂಸಾರ ಮಾಡು."

ಸೆಂಟ್ರಿಂಗ್ ಎದ್ದಿತು, ಕಂಬಿ ಕಟ್ಟಿದ್ದಾಯಿತು. ಇನ್ನು ಸೂರಿಗೊಬ್ಬ ಧರ್ಮತಂದೆ ಬೇಕು. ನಮ್ಮಲ್ಲಿ ತೂಗುಹಾಕಿದ ಮದ್ಯದ ಬಾಟಲಿಯನ್ನು ಅವನು ಒಡೆದ ಮೇಲೆಯೇ ಮೊದಲ ಡಬ್ಬ ಕಾಂಕ್ರೀಟು ಬೀಳುವುದು. ತೆಯೋಫಿಲೊ ತಾನಾಗುತ್ತೇನೆಂದು ಹಲ್ಲುಗಿಂಜಿದ. ಮೇಸ್ತ್ರಿ ಒಪ್ಪಲಿಲ್ಲ; ಮಾರುಕಟ್ಟೆ ಸಂಘದ ಅಧ್ಯಕ್ಷರಾದ ಡಾನ್ ವೆನ್ಸೆಸ್ಲಾವೊ ಅವರನ್ನೇ ಕರೆದ. ಡಾನ್ ಎಂದರೆ ನಮ್ಮಲ್ಲಿ ಯಜಮಾನರು ಎಂದಂತೆ.

ಆ ಶನಿವಾರ ಓಣಿಯೆಲ್ಲ ಡಬ್ಬ ಹೊರಲೆಂದು ಭುಜಕ್ಕೆ ಚಿಂದಿ ಬಟ್ಟೆ ಕಟ್ಟಿಕೊಂಡು ಸೇರಿತ್ತು. ಮಿಕ್ಸರ್ ತಿರುಗುತ್ತಿತ್ತು, ಬೆಟ್ಟದ ಹಿಂದೆ ಮೋಡ ಕಪ್ಪಾಗುತ್ತಿತ್ತು, ಡಾನ್ ಅವರ ಸುಳಿವಿಲ್ಲ. ಮೇಸ್ತ್ರಿ ಹಲಗೆಯ ಮೇಲೆ ಹೋದ, ಬಂದ, ಕಂಬಿ ಅಲುಗಿಸಿದ, ಮತ್ತೆ ಹೋದ. ಕೊನೆಗೆ ಫೆಲಿಸಿತಾಸಳ ಮುಖ ನೋಡಿ, ಶುರುಮಾಡಿ ಎಂದ. ಡಬ್ಬಗಳು ಏರಿದವು. ಅರ್ಧ ಸೂರು ತುಂಬುವ ಹೊತ್ತಿಗೆ ಓಣಿಯ ತುದಿಯಲ್ಲಿ ಸ್ಯಾಕ್ಸೊಫೋನು ಮೊಳಗಿತು. ವಾದ್ಯದವರು ಮುಂದೆ, ಕೋಟು ಹಾಕಿದ ಡಾನ್ ಹಿಂದೆ.

ತಮ್ಮನ್ನು ಬಿಟ್ಟು ಶುರುಮಾಡಿದ್ದನ್ನು ಕಂಡು ಅವರ ಮೀಸೆ ಇಳಿಯಿತು. ಮೇಸ್ತ್ರಿ ಬೆವತುಹೋದ. ಕೈ ಎತ್ತಿ ಮಿಕ್ಸರ್ ನಿಲ್ಲಿಸಿದ.

ಭಾಷಣವಾಯಿತು. ನಾಡಿನ ತಳಪಾಯ, ಸಮಾಜದ ಕಂಬಗಳು, ಸಂಘದ ಮೆಟ್ಟಿಲುಗಳು ಒಂದೊಂದಾಗಿ ಎದ್ದವು. ಕೊನೆಗೂ ಬಾಟಲಿ ಒಡೆಯಿತು. ಆಮೇಲೆ ಬಿಯರು. ನಮ್ಮಲ್ಲಿ ಗುಂಪಿಗೆಲ್ಲ ಒಂದೇ ಲೋಟ. ಕುಡಿದವನು ನೊರೆ ಚೆಲ್ಲಿ ಪಕ್ಕದವನಿಗೆ ಕೊಡಬೇಕು, ಸುತ್ತು ಮುಗಿಯದೆ ಕದಲಿದರೆ ಕೊಟ್ಟವನಿಗೆ ಅವಮಾನ. ಅಂದು ಕೊಟ್ಟವರು ಡಾನ್. ಡಬ್ಬ ಹೊರುವವರೆಲ್ಲ ಸಾಲಾಗಿ ನಿಂತರು. ಲೋಟ ನಿಧಾನಕ್ಕೆ ಊರು ಸುತ್ತಿತು.

ಫೆಲಿಸಿತಾಸ್ ಸೌಟು ಹಿಡಿದೇ ಹೊರಬಂದಳು. "ಎಲಿಯೋ, ಕಾಂಕ್ರೀಟು ಗಟ್ಟಿ ಆಗ್ತಿದೆ."

"ಹೆಂಗಸರಿಗೆ ಅದೆಲ್ಲ ತಿಳಿಯಲ್ಲಮ್ಮ," ಎಂದರು ಡಾನ್. ಮೇಸ್ತ್ರಿಗೆ ತಿಳಿದಿತ್ತು. ಆದರೆ ಲೋಟ ಅವನ ಕೈಯಲ್ಲೇ ಇತ್ತು.

ಉಳಿದರ್ಧವನ್ನು ಆಮೇಲೆ ಓಡೋಡಿ ತುಂಬಿದರು. ಕೆಲವು ವಾರಗಳ ಮೇಲೆ ಸೆಂಟ್ರಿಂಗ್ ಬಿಚ್ಚಿದಾಗ ಸೂರಿನ ನಡುವೆ, ಗೋಡೆಯಿಂದ ಗೋಡೆಗೆ, ತಲೆಯ ಬೈತಲೆಯಂಥ ಗೆರೆ. ನೋಡಬಂದವರಿಗೆ ಮೇಸ್ತ್ರಿ ಗಂಟಲು ಸರಿಮಾಡಿಕೊಂಡು, ಅದು ಬಿರುಕಲ್ಲ, ಬಿಸಿಲಿಗೆ ಕಾಂಕ್ರೀಟು ಹಿಗ್ಗಲೆಂದು ಬಿಟ್ಟ ಸಂದು ಎಂದು ವಿವರಿಸಿದ. ನಮ್ಮ ಮನೆಗಳಲ್ಲಿ ಅದೇ ಗೆರೆಗೆ ಅವನು ಇಟ್ಟಿದ್ದ ಹೆಸರು ಕತ್ತೆಕೆಲಸ.

ಮೊದಲ ಮಳೆ ಮಧ್ಯಾಹ್ನದ ನಿದ್ದೆಯ ಹೊತ್ತಿಗೇ ಬಂತು. ಸಂದಿನಿಂದ ಹನಿ ಇಳಿದು ಮಂಚದ ನಡುವೆಯೇ ಬಿತ್ತು. ಫೆಲಿಸಿತಾಸ್ ತಲೆಯೆತ್ತಿ ನೋಡಿದಳು.

"ಡಾನ್ ಅವರ ಭಾಷಣ ಇನ್ನೂ ಮುಗಿದಿಲ್ಲ."

ಮೇಸ್ತ್ರಿ ಅವಳ ದಿಂಬನ್ನೇ ನೋಡುತ್ತಿದ್ದ, ಅದು ಕೆಳಗೆ ಆಲೂಗಡ್ಡೆ ಮೂಟೆಗೆ ಇಳಿಯುತ್ತದೆಯೋ ಏನೋ ಎಂದು. ಅವಳು ದಿಂಬನ್ನು ಎತ್ತಲಿಲ್ಲ; ಮಂಚವನ್ನು ಎಳೆದಳು, ಡಾನ್ ಬರುವ ಮುಂಚೆ ತುಂಬಿದ ಅರ್ಧದ ಕೆಳಕ್ಕೆ. ಅಲ್ಲಿ ಒಂದು ಹನಿಯೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು.

ಅವನಿಗೆ ಮಲಗಲಾಗಲಿಲ್ಲ. ಟಾರಿನ ಡಬ್ಬ ಹಿಡಿದು ತಾರಸಿಗೆ ಹೋದ. ಮೇಲಿನ್ನೊಂದು ಮಹಡಿಗೆಂದು ಬಿಟ್ಟಿದ್ದ ಕಂಬಿಗಳ ನಡುವೆ ಗೆರೆಯುದ್ದಕ್ಕೂ ಅಲೆದಾಡಿದ. ತೆಯೋಫಿಲೊ ಪ್ಲಾಸ್ಟಿಕ್ ಹೊದ್ದು ಹಿಂದೆಯೇ ಬಂದ.

"ಮುಂದಿನ ಮಹಡಿಗೆ ಧರ್ಮತಂದೆ ನಾನಾ, ಭಾವ?"

ಮೇಸ್ತ್ರಿ ಒಂದು ಕಂಬಿ ಅಲುಗಿಸಿ ನೋಡಿದ. "ಆಗು. ಬೆಳಿಗ್ಗೇನೇ ಬಾ. ಭಾಷಣ ಮಾಡ್ಬೇಡ."

ಕೆಳಗಿನಿಂದ ಫೆಲಿಸಿತಾಸ್ ಪೊರಕೆಯ ಹಿಡಿಯಿಂದ ಸೂರು ಕುಟ್ಟಿದ ಸದ್ದು ಬಂತು. ಇಬ್ಬರೂ ಕಾಲ ತುದಿಯಲ್ಲಿ ನಡೆಯತೊಡಗಿದರು.