ಒಳಬೇಲಿಯ ಕುದುರೆ

ಈಗ ಭಾನುವಾರ ಮಧ್ಯಾಹ್ನ ನಾನು ಎಲ್ಲಿಗೆ ಬೇಕಾದರೂ ಹೋಗಬಹುದು. ಹೋಗುವುದಿಲ್ಲ. ಊಟ ಮುಗಿದು ಪಾತ್ರೆ ಬೆಳಗಿದ ಮೇಲೆ, ಯಾರೂ ಕರೆಯದಿದ್ದರೂ, ಪಡಸಾಲೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಬಂದು ಕೂರುತ್ತೇನೆ. ಅಜ್ಜಿ ಖಾಲಿ ಮಂಚದ ಮುಂದೆ ಯಾಕೆ ಕೂರುತ್ತಾಳೆ ಎಂದು ನೀವು ಮೊಮ್ಮಕ್ಕಳು ಕೇಳಿದ್ದಿರಿ. ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವರು. ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ತೆಗೆದು ಬೆಳಕಿಗೆ ಹಿಡಿದು ಬಣ್ಣ ಅಳೆಯುತ್ತಿದ್ದ ಆ ಕಣ್ಣು ಸಕ್ಕರೆ ಕಾಯಿಲೆಗೆ ಹೋಯಿತು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮಂಚ ಹಿಡಿದರು. ವಾರವಿಡೀ ಮಾತಿಲ್ಲದೆ ಕೂತವರು ಶನಿವಾರ ಬಂತೆಂದರೆ ಗಡ್ಡ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ಕೇಳುತ್ತಿದ್ದರು. ಅಂದು ಮತ್ತು ಮರುದಿನ ಬೆಂಗಳೂರಿನಲ್ಲಿ ಕುದುರೆ ರೇಸು.

ಹರೆಯದಲ್ಲಿ ಮಾಲಿನ ಲಾರಿ ಜೊತೆ ಹೋದಾಗ ಹತ್ತಿದ ಹುಚ್ಚು ಅದು. ದುಡ್ಡು ಕಟ್ಟುವುದನ್ನು ಮದುವೆಯಾದ ಹೊಸತರಲ್ಲೇ ಕದರಮಂಡಲಗಿ ಆಂಜನೇಯನ ಮುಂದೆ ಆಣೆ ಮಾಡಿ ಬಿಟ್ಟಿದ್ದರು. ಯಾವ ಕುದುರೆ ಗೆಲ್ಲುತ್ತದೆಂದು ಮೊದಲೇ ಹೇಳುವುದನ್ನು ಮಾತ್ರ ಬಿಡಲಿಲ್ಲ. ದುಡ್ಡು ಕಟ್ಟುವವನು ಒಂದು ದಿನ ಬರಿಗೈಯಾಗಿ ನಿಲ್ಲಿಸಿಯಾನು. ಬರೀ ಹೇಳುವವನಿಗೆ ನಿಲ್ಲಿಸಲು ಕಾರಣವೇ ಇರುವುದಿಲ್ಲ.

ಪೇಪರಿನ ಒಳಪುಟದ ಇರುವೆಯಂಥ ಅಕ್ಷರಗಳನ್ನು ನಾನು ಓದಿ ಹೇಳಬೇಕು. ಯಾವ ಕುದುರೆಯ ಮೇಲೆ ಎಷ್ಟು ಭಾರ, ಹೋದ ಸಲ ಎಷ್ಟು ದೂರ ಓಡಿತ್ತು, ಎಷ್ಟನೇ ಗೇಟಿನಿಂದ ಬಿಡುತ್ತಾರೆ. ಮೋಟೆಬೆನ್ನೂರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದ ನನಗೆ ಅವುಗಳ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ. ನಂಬರಿನಲ್ಲೇ ಕರೆಯುತ್ತಿದ್ದೆ. ಮೈದುನನಿಗೆ ಓದಲು ಹೇಳಿರೆಂದರೆ ಅವರು ಒಪ್ಪಲಿಲ್ಲ. "ಅವಾ ಓದಿದ್ರ ಸಂತ್ಯಾಗ ಉಳ್ಳಾಗಡ್ಡಿ ಮಾರಿದಂಗ ಇರತೈತಿ. ನೀ ಓದಿದ್ರ ತಲ್ಯಾಗ ಕುಂದರತೈತಿ."

ಓದುವುದಷ್ಟೇ ಆಗಿದ್ದರೂ ಸೈ. ಒಂದು ಶನಿವಾರ, "ಆರನೇದಕ್ಕ ಈ ಸಲ ಭಾರ ಕಡಿಮಿ ಐತಲ್ರೀ" ಎಂದುಬಿಟ್ಟೆ. ಆರನೆಯದೇ ಗೆದ್ದಿತು. ಅಂದಿನಿಂದ ಮೈದುನ ಚಪ್ಪಲಿ ಕಳಚುವಾಗಲೇ, "ವೈನಿ, ಇವತ್ತು ಯಾವುದ್ರೀ?" ಎನ್ನತೊಡಗಿದ. ನನ್ನ ಬಾಯಿಂದ ಒಂದು ನಂಬರು ಬೀಳದೆ ನಿಮ್ಮ ಅಜ್ಜ ಚಹಾ ಮುಟ್ಟುತ್ತಿರಲಿಲ್ಲ. ಶನಿವಾರ, ಭಾನುವಾರ ನಾನು ಹೊಸ್ತಿಲು ದಾಟುವುದು ನಿಂತಿತು. ಬೇಡವೆಂದವರು ಯಾರೂ ಇಲ್ಲ. ಆ ಎರಡು ದಿನ ಮಾತ್ರ ನಗುವ ಮುಖವನ್ನು ಬಿಟ್ಟು ಹೇಗೆ ಏಳುವುದು?

ನನ್ನ ತಂಗಿಯನ್ನು ಕದರಮಂಡಲಗಿಗೆ ಕೊಟ್ಟಿದ್ದರು. ಅವಳ ಮಗಳನ್ನು ಎಳೆಗೂಸಿನಿಂದ ಎರಡು ವರ್ಷ ನಾನೇ ಸಾಕಿದ್ದೆ. ಆ ಹುಡುಗಿ ಬೆಳೆದು ಮದುವೆಯಾಗಿ, ಬಸುರಿಗೆ ಏಳು ತಿಂಗಳು ತುಂಬಿದಾಗ ತವರಿನಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟರು. ಭಾನುವಾರವೇ. ತಂಗಿ ಫೋನು ಮಾಡಿ, "ಅಕ್ಕಾ, ಮೊದಲನೇ ಉಡಿ ನಿಂದ ನೋಡು. ಮಾಮಾಗ ಹೇಳು, ಒಂದು ವಾರ ನೀ ನೋಡಲಿಲ್ಲಂದ್ರ ಕುದುರಿ ಏನ್ ಕುಂಟಂಗಿಲ್ಲಾಂತ" ಎಂದಳು.

ನಿಮ್ಮ ಅಜ್ಜ, "ಹೋಗ್ಬಾ, ಯಾರು ಬ್ಯಾಡಂದಾರ? ಓದಿಟ್ಟು ಹೋಗು" ಎಂದರು. ಬೆಳಿಗ್ಗೆ ಪೇಪರು ಬಂದ ಕೂಡಲೇ ಓದಿದೆ, ನಂಬರೂ ಹೇಳಿದೆ. ಇಲಕಲ್ಲ ಸೀರೆ ಉಟ್ಟು, ಹುಡುಗಿಯ ಮಡಿಲು ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಹಸಿರು ಖಣ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟೆ. ಕಾಲಿಗೆ ಚಪ್ಪಲಿ ಸಿಕ್ಕಿಸುವಾಗ ಮೈದುನ ಮೊಬೈಲು ಹಿಡಿದು ಬಂದ.

"ವೈನಿ, ನೀವು ಹೇಳಿದ್ದನ್ನ ಇವತ್ತು ಬಿಡಾಂಗಿಲ್ಲಂತ. ಕಾಲು ನೋವಂತ ಅದಕ್ಕ."

ಮಂಚದ ಮೇಲಿನ ಮುಖ ನನ್ನತ್ತ ತಿರುಗಿತು. "ಹೋಗ್ಲಿ ಬಿಡು, ನಿನಗ ಹೊತ್ತಾಗತೈತಿ" ಎಂದರು. ಹೋಗಬೇಡ ಎಂದಿದ್ದರೆ ಸಿಟ್ಟಿನಲ್ಲಾದರೂ ಹೋಗುತ್ತಿದ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಮತ್ತೆ ಮೊದಲಿನಿಂದ ಓದಿದೆ. ಆಚೆ ರಸ್ತೆಯಲ್ಲಿ ಕದರಮಂಡಲಗಿಯ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

ನಾಲ್ಕನೇ ನಂಬರು ಹಿಡಿದೆ. ಒಂದನೇ ಗೇಟು, ಒಳಬೇಲಿಯ ಪಕ್ಕ. ತಿರುವಿನಲ್ಲಿ ಎಲ್ಲಕ್ಕಿಂತ ಹತ್ತಿರದ ದಾರಿ ಅದಕ್ಕೇ ಎಂದು ನನ್ನ ಲೆಕ್ಕ. ರೇಸು ಶುರುವಾದಾಗ ಮೈದುನ ಮೊಬೈಲು ನೋಡುತ್ತ ಅಣ್ಣನಿಗೆ ಕೂಗಿ ಹೇಳತೊಡಗಿದ. "ಒಳಗ ಸಿಕ್ಕೊಂಡೈತಿ! ಮುಂದೊಂದು ಕುದುರಿ, ಮಗ್ಗಲಕ್ಕೊಂದು, ಈ ಕಡೆ ಬೇಲಿ. ಜಾಕಿ ಲಗಾಮು ಜಗ್ಗಿ ಹಿಡದಾನ್ರೀ ವೈನಿ, ಬಿಟ್ರ ಮುಂದಿನದಕ್ಕ ಢಿಕ್ಕಿ ಹೊಡೀತೈತಿ. ಅಯ್ಯ, ದಾರೀನ ಸಿಗವಲ್ದು."

ನಾನೂ ಬಗ್ಗಿ ನೋಡಿದೆ. ಕುತ್ತಿಗೆ ಮೇಲೆತ್ತಿ ಮೇಲೆತ್ತಿ ಓಡುತ್ತಿತ್ತು. ಉಳಿದವು ಗೆರೆ ದಾಟುವವರೆಗೂ ಅದಕ್ಕೆ ನುಗ್ಗಲು ಸಂದು ಸಿಗಲಿಲ್ಲ.

ನಿಮ್ಮ ಅಜ್ಜ ಬೇಸರಪಡಲಿಲ್ಲ. ಅವರಿಗೆ ಖುಷಿಯೇ ಆಗಿತ್ತು. "ಸೋತಿಲ್ಲ ಅದು. ಓಡಾಕ ಬಿಟ್ಟಿಲ್ಲ ಅಷ್ಟ. ಇಂಥಾದನ್ನ ನೆನಪಿಟ್ಕೋ. ಮುಂದಿನ ಸಲ ಹೊರಗ ಜಾಗಾ ಸಿಕ್ಕರ ಗೆದ್ದ ಗೆಲ್ಲತೈತಿ."

ಸಂಜೆ ತಂಗಿ ಫೋನು ಮಾಡಿದಳು. "ಹುಡುಗಿ ಮಣಿ ಮ್ಯಾಲೆ ಕುಂತು ಬಾಗಲಾನ ನೋಡತಿತ್ತು. ಹೊತ್ತಾತಂತ ಓಣ್ಯಾಗಿನವರು ಉಡಿ ತುಂಬಿದ್ರು. ಆತು ಬಿಡಕ್ಕ." ಕುಬಸ ಚೊಚ್ಚಲ ಬಸುರಿಗೆ ಮಾತ್ರ. ಅವಳಿಗೆ ಮುಂದಿನ ಸಲ ಎಂಬುದಿರಲಿಲ್ಲ.

ಆ ವರ್ಷವೇ ಮಳೆಗಾಲ ಮುಗಿಯುವ ಮೊದಲು ನಿಮ್ಮ ಅಜ್ಜ ಹೋದರು. ನಾಲ್ಕನೆಯದು ಆಮೇಲೆ ಗೆದ್ದಿತೋ ಇಲ್ಲವೋ ನಾನು ಪೇಪರು ಬಿಚ್ಚಿ ನೋಡಿಲ್ಲ. ವಾರದ ಎಲ್ಲ ದಿನವೂ ನನ್ನದಾಯಿತು. ಆದರೆ ಗಂಡ ಸತ್ತವಳ ಕೈಯಿಂದ ಉಡಿ ತುಂಬಿಸಿಕೊಳ್ಳುವುದಿಲ್ಲ. ಕರೆದ ಕಡೆ ಹೋಗಿ, ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸಿ ಬರುತ್ತೇನೆ.

ಮೊನ್ನೆ ನಿಮ್ಮಲ್ಲಿ ದೊಡ್ಡವಳು ರಾಣೆಬೆನ್ನೂರಿನಿಂದ ಫೋನು ಮಾಡಿದ್ದಳು. ಅವಳ ಕುಬಸವೂ ಭಾನುವಾರವೇ.

"ಅಜ್ಜಿ, ಮೊದಲನೇ ಉಡಿ ನೀನ ತುಂಬಬೇಕು."

"ಹುಚ್ಚೀ, ಮಂದಿ ಏನಂದಾರು?"

"ಮಂದಿಗೆ ನಾ ಹೇಳತೇನಿ. ನೀ ಅಡಗಿಮನಿ ಹೊಕ್ಕಿ ಅಂದ್ರ ನಾನೂ ಅಲ್ಲೇ ಬಂದು ಕುಂದರತೇನಿ ನೋಡು, ಹೊಟ್ಟಿ ಹೊತ್ಕೊಂಡು."

ಬರುತ್ತೇನೆಂದು ಇನ್ನೂ ಹೇಳಿಲ್ಲ. ಅಂದಿನ ಹಸಿರು ಖಣ ಟ್ರಂಕಿನ ತಳದಲ್ಲಿತ್ತು. ಇವತ್ತು ತೆಗೆದು ಬಿಸಿಲಿಗೆ ಹಾಕಿದ್ದೇನೆ. ಮಡಿಕೆಯ ಗೆರೆ ಹೋಗುತ್ತಿಲ್ಲ. ಬಣ್ಣ ಮಾತ್ರ ಹಾಗೇ ಇದೆ.